ಮಕ್ಕಳಿಗೆ ಟಾರ್ಗೆಟ್ ಬೇಡ, ಪಾಸ್ ಕೊಡೋದು ಕಲಿಸೋಣ

ಎಲ್ಲರಿಗೂ ನಮಸ್ಕಾರ. ಇಲ್ಲಿ ಒಬ್ಬರು ತಾಯಿ ತಮ್ಮ ಮಗಳ ಬಗ್ಗೆ ಬರೆದಿದ್ದರು. ಚರ್ಚಿನ ಯೂತ್ ಗ್ರೂಪ್‌ನಲ್ಲಿ "ಈ ಸೀಸನ್ ಮುಗಿಯೋದ್ರೊಳಗೆ ನಿಮ್ಮ ಟೀಮಿನ ಒಬ್ಬರಿಗಾದರೂ ಯೇಸುವಿನ ಬಗ್ಗೆ ಹೇಳಬೇಕು" ಅಂತ ಹೋಮ್‌ವರ್ಕ್ ಕೊಟ್ಟರಂತೆ. ಅವತ್ತಿನಿಂದ ಮಗಳು ವಾಲಿಬಾಲ್ ಪ್ರಾಕ್ಟೀಸ್ ಅಂದರೆ ಸಾಕು, ಹೊಟ್ಟೆನೋವು ಅನ್ನುತ್ತಿದ್ದಾಳಂತೆ. ಆರಾಧನೆಯ ದಿನವಾದ ಭಾನುವಾರವೇ ಟೂರ್ನಮೆಂಟ್ ಬಂದರೆ ಏನು ಮಾಡೋದು ಅಂತಲೂ ಕೇಳಿದ್ದರು. ಅದಕ್ಕೆ ಬಂದ ಉತ್ತರಗಳನ್ನೆಲ್ಲ ಓದಿದೆ. ಕೆಲವರು "ಧೈರ್ಯ ಹೇಳಿ ಕಳಿಸಿ, ಸುವಾರ್ತೆಗೆ ನಾಚಿಕೆ ಪಡಬಾರದು" ಅಂದಿದ್ದಾರೆ. ಇನ್ನು ಕೆಲವರು "ಪರದೇಶದಲ್ಲಿದ್ದೀವಿ, ನಮ್ಮ ಪಾಡಿಗೆ ನಾವಿರೋಣ, ನಂಬಿಕೆ ಮನೆಯೊಳಗಿರಲಿ" ಅಂದಿದ್ದಾರೆ. ನನಗೆ ಎರಡೂ ಸರಿ ಕಾಣಲಿಲ್ಲ. ನಮ್ಮ ಕ್ರೈಸ್ತ ಫೆಲೋಶಿಪ್‌ನಲ್ಲಿ ಹದಿಹರೆಯದ ಮಕ್ಕಳ ಕ್ಲಾಸ್ ನೋಡಿಕೊಳ್ಳುತ್ತೇನೆ, ಅವರನ್ನು ಮ್ಯಾಚುಗಳಿಗೆ ಕರೆದುಕೊಂಡು ಹೋಗುತ್ತಲೂ ಇರುತ್ತೇನೆ. ಆ ಅನುಭವದಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಮಕ್ಕಳ ಕಷ್ಟ ನೋಡಿ. ಭಾರತದವರು ಅಂದ ತಕ್ಷಣ ಟೀಮಿನವರು ಹಿಂದೂ ಇರಬೇಕು ಅಂತ ಲೆಕ್ಕ ಹಾಕಿರುತ್ತಾರೆ. "ನಾನು ಕ್ರಿಶ್ಚಿಯನ್" ಅಂದರೆ "ಹೌದಾ, ಇಲ್ಲಿಗೆ ಬಂದಮೇಲೆ ಆದ್ರಾ?" ಅಂತ ಕೇಳುತ್ತಾರೆ. ಮುತ್ತಜ್ಜನ ಕಾಲದಿಂದ ನಂಬಿಕೆಯಲ್ಲಿರುವ ಮನೆಯ ಹುಡುಗಿಗೆ ಇದನ್ನು ವಿವರಿಸಿ ವಿವರಿಸಿಯೇ ಸುಸ್ತಾಗಿರುತ್ತದೆ. ಇತ್ತ ಬೇರೆ ಕನ್ನಡ ಮನೆಗಳ ಗೆಳತಿಯರ ಹತ್ತಿರ ಬಾಯಿಬಿಟ್ಟರೆ ಮತಾಂತರಕ್ಕೆ ಬಂದಳು ಅಂದುಕೊಳ್ಳುತ್ತಾರೇನೋ ಅನ್ನುವ ಅಳುಕು. ಇದೆಲ್ಲದರ ಮೇಲೆ ನಾವು "ಒಬ್ಬರನ್ನಾದರೂ ಗೆಲ್ಲು" ಅಂತ ಟಾರ್ಗೆಟ್ ಕೊಟ್ಟರೆ ಹೊಟ್ಟೆನೋವು ಬರದೆ ಇನ್ನೇನು ಬರುತ್ತೆ?

ಆದರೆ ಆ ತಾಯಿಯ ಮಗಳು ಆಡುವುದು ವಾಲಿಬಾಲ್ ಅಂತ ಓದಿ ನನಗೆ ಖುಷಿಯಾಯಿತು. ಅವಳಿಗೆ ಬೇಕಾದ ಉತ್ತರ ಆ ಆಟದ ನಿಯಮದಲ್ಲೇ ಇದೆ. ಆಟ ಹುಟ್ಟಿದ್ದೂ ಕ್ರೈಸ್ತ ಯುವಕರ ಸಂಸ್ಥೆಯಲ್ಲೇ. 1895ರಲ್ಲಿ ಅಮೆರಿಕದ ಹೋಲಿಯೋಕ್ ಊರಿನ ವೈಎಂಸಿಎಯಲ್ಲಿ ವಿಲಿಯಂ ಮಾರ್ಗನ್ ಇದನ್ನು ಕಟ್ಟಿದರು. ಬಾಸ್ಕೆಟ್‌ಬಾಲ್‌ನ ನೂಕಾಟ ತಡೆಯದ ನಡುವಯಸ್ಸಿನವರಿಗೂ ಒಂದು ಆಟ ಇರಲಿ ಅನ್ನುವುದು ಅವರ ಯೋಚನೆ. ಆ ಬಾಸ್ಕೆಟ್‌ಬಾಲ್ ಕೂಡ ಅದಕ್ಕೆ ನಾಲ್ಕು ವರ್ಷ ಮುಂಚೆ, 1891ರಲ್ಲಿ, ಹತ್ತಿರದ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಯಲ್ಲಿ ಹುಟ್ಟಿದ್ದು. ಅದನ್ನು ಶುರುಮಾಡಿದ ಜೇಮ್ಸ್ ನೈಸ್ಮಿತ್ ಮಾಂಟ್ರಿಯಲ್‌ನಲ್ಲಿ ದೇವಶಾಸ್ತ್ರ ಓದಿದವರು. ಪಾಸ್ಟರ್ ಆಗುವ ದಾರಿ ಬಿಟ್ಟು ಜಿಮ್ ಆರಿಸಿಕೊಂಡರು. ಆಟದ ಮೈದಾನದಲ್ಲೂ ದೇವರ ಕೆಲಸ ಇದೆ ಅಂತ ನಂಬಿದ ಜನ ಇವರು.

ಈಗ ನಿಯಮಕ್ಕೆ ಬನ್ನಿ. ಚೆಂಡು ನಮ್ಮ ಕಡೆ ಬಂದಮೇಲೆ ಮೂರು ಸಲ ಮುಟ್ಟುವುದರೊಳಗೆ ಆಚೆ ಕಳಿಸಬೇಕು. ಬ್ಲಾಕ್ ಮಾಡಿದಾಗಿನ (ಬಲೆಯ ಹತ್ತಿರ ಎದುರಿನವರ ಹೊಡೆತ ತಡೆದಾಗಿನ) ವಿಚಾರ ಬೇರೆ, ಉಳಿದಂತೆ ಒಬ್ಬರೇ ಒಂದರ ಹಿಂದೆ ಒಂದು ಎರಡು ಸಲ ಮುಟ್ಟುವಂತಿಲ್ಲ. ಅಂದರೆ ಎಷ್ಟೇ ದೊಡ್ಡ ಆಟಗಾರ್ತಿ ಆದರೂ ರಿಸೀವ್ (ಬಂದ ಚೆಂಡನ್ನು ತಡೆದು ಎತ್ತುವುದು), ಸೆಟ್ (ಹೊಡೆಯುವವರಿಗೆ ಎತ್ತಿಕೊಡುವುದು), ಸ್ಪೈಕ್ (ಬಲವಾಗಿ ಆಚೆ ಹೊಡೆಯುವುದು) ಮೂರನ್ನೂ ತಾನೇ ಮಾಡಲಾರಳು. ನಿಯಮವೇ ಬಿಡುವುದಿಲ್ಲ. ನಾವು ಮಾತ್ರ ನಮ್ಮ ಮಕ್ಕಳಿಗೆ ಮೂರನ್ನೂ ಒಬ್ಬರೇ ಮಾಡಿ ಅಂತ ಹೇಳಿ ಕಳಿಸುತ್ತೇವೆ.

ರಿಸೀವ್ ಮಾಡುವವರನ್ನು ಹತ್ತಿರದಿಂದ ನೋಡಿದ್ದೀರಾ? ಮಂಡಿ ಬಗ್ಗಿರುತ್ತದೆ. ಎರಡೂ ಮುಂಗೈ ಜೋಡಿಸಿ ಚಪ್ಪಟೆ ಮಾಡಿಕೊಂಡಿರುತ್ತಾರೆ. ಜೋರಾಗಿ ಬಂದ ಸರ್ವಿಗೆ ಕೈ ಬೀಸಿದರೆ ಚೆಂಡು ಸೀದಾ ಚಾವಣಿಗೆ ಹೋಗುತ್ತದೆ. ಕೈ ಬೀಸದೆ, ಸ್ವಲ್ಪ ಹಿಂದಕ್ಕೆ ಬಿಟ್ಟುಕೊಟ್ಟು, ಅದರ ವೇಗ ತಗ್ಗಿಸಬೇಕು. ಹೊಸದಾಗಿ ಕಲಿಯುವವರಿಗೆ ಇದೇ ಎಲ್ಲಕ್ಕಿಂತ ಕಷ್ಟ, ಎಲ್ಲರಿಗೂ ಹೊಡೆಯುವ ಆಸೆ.

ಟೀಮಿನ ಗೆಳತಿ ಕಾರಿನ ಹಿಂದಿನ ಸೀಟಿನಲ್ಲಿ ಕೂತು "ನಮ್ಮಪ್ಪ ಅಮ್ಮ ಬೇರೆ ಆಗ್ತಿದ್ದಾರೆ" ಅಂತ ಹೇಳಿದಳು ಅಂದುಕೊಳ್ಳಿ. ಜೋರಾದ ಸರ್ವ್ ಅದು. ಆಗ ನಮ್ಮ ಮಗು ಬಾಯಿಪಾಠ ಮಾಡಿದ ಬೈಬಲ್ ವಚನ ಹೇಳಲು ಹೊರಟರೆ ಚೆಂಡು ಚಾವಣಿಗೆ ಹೋದ ಹಾಗೆಯೇ. ಕೇಳಿಸಿಕೊಳ್ಳಬೇಕು. "ನಿನ್ನ ಬಗ್ಗೆ ಪ್ರಾರ್ಥನೆ ಮಾಡ್ಲಾ?" ಅಂತ ಒಂದು ಮಾತು ಕೇಳಬಹುದು. ಬೇಡ ಅಂದರೆ ಬೇಡ. ಬೇಕು ಅಂದರೆ, ಮಾರನೇ ವಾರ ನೆನಪಿಟ್ಟು ಹೇಗಿದ್ದೀಯಾ ಅಂತ ಕೇಳಬೇಕು. ನಮ್ಮ ಮಗುವಿನ ಕೆಲಸ ಅಲ್ಲಿಗೆ ಮುಗಿದರೂ ಅದು ಸಾಕ್ಷಿಯೇ, ಅಂದರೆ ತನ್ನ ನಂಬಿಕೆಯನ್ನು ತೋರಿಸಿಕೊಟ್ಟ ಹಾಗೆಯೇ. ಮುಂದಿನ ಟಚ್ ಇನ್ಯಾರದೋ ಇರಬಹುದು. ಆ ಗೆಳತಿಯ ಅಜ್ಜಿ ಇರಬಹುದು, ಹತ್ತು ವರ್ಷ ಆದಮೇಲೆ ಸಿಗುವ ರೂಮ್‌ಮೇಟ್ ಇರಬಹುದು.

ಇದು ನಾನು ಕಟ್ಟಿದ ಮಾತಲ್ಲ. ನಾನು ನೆಟ್ಟೆ, ಜೊತೆಸೇವಕ ಅಪೊಲ್ಲೋಸ ನೀರು ಹಾಕಿದ, ಬೆಳೆಸಿದವನು ದೇವರು ಅಂತ ಬೈಬಲಿನಲ್ಲಿ ಅಪೊಸ್ತಲ ಪೌಲ ಗ್ರೀಸಿನ ಕೊರಿಂಥ ಊರಿನ ಸಭೆಯವರಿಗೆ ಬರೆದ ಮೊದಲನೆಯ ಪತ್ರದಲ್ಲೇ ಇದೆ, 3ನೆಯ ಅಧ್ಯಾಯ. ಅದೇ ಪತ್ರದ 9ನೆಯ ಅಧ್ಯಾಯದಲ್ಲಿ ಓಟ ಮತ್ತು ಮುಷ್ಟಿಯುದ್ಧದ ಮಾತು ಬರುತ್ತದೆ. ಕೊರಿಂಥದ ಪಕ್ಕದಲ್ಲೇ ಎರಡು ವರ್ಷಕ್ಕೊಮ್ಮೆ ಇಸ್ಥ್ಮಿಯನ್ ಅನ್ನುವ ಪ್ರಾಚೀನ ಗ್ರೀಕ್ ಕ್ರೀಡೆಗಳು ನಡೆಯುತ್ತಿದ್ದವು. ಗೆದ್ದವರಿಗೆ ಎಲೆಯ ಕಿರೀಟ, ಅದಕ್ಕೇ ಪೌಲ ಬಾಡಿಹೋಗುವ ಕಿರೀಟ ಅನ್ನುವುದು. ಯೂತ್ ಕ್ಯಾಂಪುಗಳಲ್ಲಿ ಬೋಧಕರಿಗೆ ಈ ಅಧ್ಯಾಯ ಅಂದರೆ ಪ್ರಾಣ. ಆದರೆ ಗಮನಿಸಿ, ಅವೆರಡೂ ಒಂಟಿಯಾಗಿ ಆಡುವ ಆಟಗಳು. ಅಲ್ಲಿ ಪೌಲ ಮಾತಾಡುವುದು ತನ್ನನ್ನು ತಾನು ಹತೋಟಿಯಲ್ಲಿ ಇಟ್ಟುಕೊಳ್ಳುವುದರ ಬಗ್ಗೆ. ಜೊತೆಯಾಗಿ ದುಡಿಯುವ ವಿಷಯ ಬಂದಾಗ ಅವನು ಓಟ ಬಿಟ್ಟು, 12ನೆಯ ಅಧ್ಯಾಯದಲ್ಲಿ, ಕಣ್ಣು ಕೈಗೆ ನೀನು ಬೇಡ ಅನ್ನಲಾಗದು ಅಂತ ದೇಹದ ಮಾತಿಗೆ ಬರುತ್ತಾನೆ. ನಾವು ಮಕ್ಕಳಿಗೆ 9 ಮಾತ್ರ ಕಲಿಸಿ 3 ಮತ್ತು 12 ಬಿಟ್ಟರೆ ಅವರು ಒಂಟಿ ಓಟಗಾರರೇ ಆಗುತ್ತಾರೆ.

ಐಸ್ ಹಾಕಿ ಆಡುವ ಮಕ್ಕಳಿದ್ದರೆ ಅವರಿಗೆ ಇದು ಇನ್ನೂ ಬೇಗ ಅರ್ಥವಾಗುತ್ತದೆ. ಅಲ್ಲಿ ಒಂದು ಗೋಲಿಗೆ ಇಬ್ಬರವರೆಗೆ ಅಸಿಸ್ಟ್ (ಗೋಲಿಗೆ ನೆರವಾದ ಲೆಕ್ಕ) ಬರೆಯುತ್ತಾರೆ, ಕೊನೆಯ ಪಾಸ್ ಕೊಟ್ಟವರಿಗೂ ಅದಕ್ಕೆ ಮುಂಚಿನ ಪಾಸ್ ಕೊಟ್ಟವರಿಗೂ. ಯೇಸುವಿನ ಶಿಷ್ಯ ಅಂದ್ರೆಯ ನೆನಪಾಗುತ್ತಾನೆ ಅಲ್ವಾ? ಅವನು ಮಾಡಿದ್ದು ಮುಂದೆ ಪೇತ್ರ ಅನ್ನಿಸಿಕೊಂಡ ಅಣ್ಣ ಸೀಮೋನನನ್ನು ಯೇಸುವಿನ ಹತ್ತಿರ ಕರೆತಂದದ್ದು. ದೊಡ್ಡ ಪ್ರಸಂಗಗಳೆಲ್ಲ ಆಮೇಲೆ ಪೇತ್ರನ ಹೆಸರಿನಲ್ಲಿವೆ.

ಇನ್ನು ಕ್ರಿಕೆಟ್. ಕ್ರಿಕೆಟ್ ಇಲ್ಲದೆ ನಮ್ಮ ಯಾವ ಚರ್ಚೆ ಮುಗಿದಿದೆ ಹೇಳಿ.

1882ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಇಂಗ್ಲೆಂಡ್ ಆಸ್ಟ್ರೇಲಿಯಾಕ್ಕೆ ಸೋತಿತು. ಈ ಎರಡು ತಂಡಗಳ ಟೆಸ್ಟ್ ಸರಣಿಗೆ ಆ್ಯಷಸ್ ಅನ್ನುವ ಹೆಸರು ಬಂದದ್ದೇ ಆ ಸೋಲಿನಿಂದ. ಇಂಗ್ಲೆಂಡಿಗೆ ಗೆಲ್ಲಲು ಬೇಕಿದ್ದದ್ದು ಬರೀ 85 ರನ್. ತಂಡದಲ್ಲಿ ಸಿ. ಟಿ. ಸ್ಟಡ್ ಇದ್ದರು. ಆ ಬೇಸಿಗೆಯಲ್ಲಿ ಅದೇ ಆಸ್ಟ್ರೇಲಿಯಾದವರ ಮೇಲೆ ಎರಡು ಶತಕ ಹೊಡೆದಿದ್ದ ಹುಡುಗ. ಅಂಥವರನ್ನು ಹತ್ತನೆಯವರಾಗಿ ಕಳಿಸಿದರು. ಸ್ಟಡ್ ಒಂದು ಕಡೆ ನಿಂತಿದ್ದರು. ಇನ್ನೊಂದು ಕಡೆ ಕೊನೆಯ ಆಟಗಾರ ಟೆಡ್ ಪೀಟ್ ಸುಮ್ನೆ ಒಂದು ರನ್ ತೆಗೆದು ಸ್ಟ್ರೈಕ್ ಕೊಡುವ ಬದಲು ಬ್ಯಾಟು ಬೀಸಿ ಔಟಾದರು. 77ಕ್ಕೆ ಆಲ್ ಔಟ್, 7 ರನ್ ಸೋಲು. ಸ್ಟಡ್ ಆ ಇನಿಂಗ್ಸ್‌ನಲ್ಲಿ ಒಂದು ಚೆಂಡನ್ನೂ ಎದುರಿಸಲಿಲ್ಲ. ಯಾಕಪ್ಪಾ ಹೀಗೆ ಮಾಡಿದೆ ಅಂತ ಕೇಳಿದ್ದಕ್ಕೆ ಪೀಟ್, ಸ್ಟಡ್ ಮೇಲೆ ನಂಬಿಕೆ ಬರಲಿಲ್ಲ ಅಂದರಂತೆ. ಮೂರೇ ವರ್ಷಕ್ಕೆ, 1885ರಲ್ಲಿ, ಆ ಸ್ಟಡ್ ಕೇಂಬ್ರಿಡ್ಜ್‌ನ ಏಳು ಜನರ ಗುಂಪಿನಲ್ಲಿ ಮಿಷನರಿಯಾಗಿ ಚೀನಾಕ್ಕೆ ಹೊರಟರು. ಆಮೇಲೆ ಭಾರತ, ಆಫ್ರಿಕಾ. ನಂಬಿ ಸ್ಟ್ರೈಕ್ ಕೊಡಬಹುದಿತ್ತು ಅನ್ನಿಸುವುದಿಲ್ವಾ?

ನಮ್ಮ ಫೆಲೋಶಿಪ್‌ಗಳಲ್ಲಿ ಹದಿಹರೆಯದ ಮಕ್ಕಳು ಹೀಗೇ ಹತ್ತನೆಯ ನಂಬರಿನಲ್ಲಿದ್ದಾರೆ. ಕುರ್ಚಿ ಜೋಡಿಸು, ಪ್ರೊಜೆಕ್ಟರ್ ಹಚ್ಚು, ಚಿಕ್ಕ ಮಕ್ಕಳನ್ನು ನೋಡಿಕೋ. ಊಟಕ್ಕಿಲ್ಲದ ಉಪ್ಪಿನಕಾಯಿ ಆಗಿಬಿಟ್ಟಿದ್ದಾರೆ. ಹೊಸಬರು ಯಾರಾದರೂ ಬಂದು ಒಂದು ಹುಡುಗನಿಗೆ "ನೀನು ಯಾಕೆ ನಂಬುತ್ತೀಯಾ?" ಅಂತ ಕೇಳಿದರೆ ಪಕ್ಕದಲ್ಲಿದ್ದ ಅಪ್ಪ ಉತ್ತರ ಕೊಡುತ್ತಾರೆ. ನಾನು ಎಷ್ಟು ಸಲ ನೋಡಿದ್ದೇನೋ. ಮನೆಯೊಳಗೆ, ಸಭೆಯೊಳಗೆ ಒಂದು ಚೆಂಡನ್ನೂ ಎದುರಿಸದ ಹುಡುಗ ಶಾಲೆಯ ಲಾಕರ್ ರೂಮಿನಲ್ಲಿ ಸಿಕ್ಸರ್ ಹೊಡೆಯಬೇಕು ಅಂತ ಆಸೆ ಪಟ್ಟರೆ ಆಗುತ್ತಾ?

ಅದಕ್ಕೆ ನೆಟ್ ಪ್ರಾಕ್ಟೀಸ್ ಬೇಕು. ನಮ್ಮ ಕ್ಲಾಸಿನಲ್ಲಿ ಟೀಮಿನ ಗೆಳೆಯರು ನಿಜವಾಗಿ ಕೇಳಿದ ಪ್ರಶ್ನೆಗಳನ್ನು ಮಕ್ಕಳು ಚೀಟಿಯಲ್ಲಿ ಬರೆದು ತರುತ್ತಾರೆ. "ಮ್ಯಾಚ್ ಗೆಲ್ಲಲು ಪ್ರಾರ್ಥನೆ ಮಾಡ್ತೀಯಾ? ಎದುರು ಟೀಮಿನವರೂ ಮಾಡಿದ್ರೆ ದೇವರು ಯಾರ ಕಡೆ?" "ನಮ್ಮಜ್ಜ ಒಳ್ಳೆಯವರು, ಅವರು ಎಲ್ಲಿಗೆ ಹೋದರು?" "ನಿಮ್ಮ ಚರ್ಚಿನವರು ಯಾಕೆ ಅಷ್ಟು ಜಗಳ ಆಡ್ತಾರೆ?" ಒಬ್ಬರು ಚೀಟಿ ಓದುತ್ತಾರೆ, ಇನ್ನೊಬ್ಬರು ಉತ್ತರ ಹೇಳುತ್ತಾರೆ, ದೊಡ್ಡವರು ಬಾಯಿ ಮುಚ್ಚಿಕೊಂಡಿರಬೇಕು. ಗೊತ್ತಿಲ್ಲ ಅನ್ನುವುದು ಕೂಡ ಉತ್ತರವೇ. ಚರ್ಚಿನಲ್ಲಿ ಮಾತ್ರ ಬಳಸುವ ಭಾಷೆ ಬಳಸುವಂತಿಲ್ಲ. ಇನ್ನೊಂದು ವಿಷಯ ಅಲ್ಲೇ ಬಯಲಾಯಿತು. ನಮ್ಮ ಮಕ್ಕಳಿಗೆ ಪ್ರಾರ್ಥನೆ ಕನ್ನಡದಲ್ಲಿ ಬರುತ್ತದೆ, ವಾದ ಇಂಗ್ಲಿಷಿನಲ್ಲಿ ಬರುತ್ತದೆ. ಅಪ್ಪ ಅಮ್ಮಂದಿರಿಗೆ ವಾದವೂ ಕನ್ನಡದಲ್ಲೇ ಬರುತ್ತದೆ. ಹಾಗಾಗಿ ಮನೆಯಲ್ಲಿ ಈ ಮಾತೇ ನಡೆದಿರುವುದಿಲ್ಲ. ಯಾವ ಭಾಷೆಯಲ್ಲಾದರೂ ಸರಿ, ಕಲಬೆರಕೆಯಾದರೂ ಸರಿ, ಕಾರಿನಲ್ಲಿ ಹೋಗುವಾಗ ಮಾತಾಡಿ.

ಯೇಸು ಶಿಷ್ಯರನ್ನು ಕಳಿಸಿದ್ದು ಇಬ್ಬಿಬ್ಬರಾಗಿ, ಇದನ್ನೂ ಮರೆಯಬೇಡಿ. ಒಂದೇ ಶಾಲೆಯಲ್ಲಿ ಇಬ್ಬರು ಮಕ್ಕಳಿದ್ದರೆ ಜೋಡಿ ಮಾಡಿ. ಸಭೆ ಬೇರೆಯಾದರೂ ಪರವಾಗಿಲ್ಲ, ಕ್ಯಾಥೊಲಿಕ್ ಹುಡುಗ ಪೆಂಟಕೋಸ್ಟಲ್ ಹುಡುಗ ಜೊತೆಗಿದ್ದರೆ ಆಕಾಶ ಬೀಳುವುದಿಲ್ಲ.

ಆದರೆ ಆಟದ ಪಾಠವನ್ನು ಎಲ್ಲಿಯವರೆಗೆ ಎಳೆಯಬಹುದು? ಒಂದು ಜಾಗದಲ್ಲಿ ಅದನ್ನು ಬಿಡಲೇಬೇಕು. ಆಟದಲ್ಲಿ ಎದುರಾಳಿ ಇರುತ್ತಾರೆ, ಸ್ಕೋರ್‌ಬೋರ್ಡ್ ಇರುತ್ತದೆ. ಸಾಕ್ಷಿಯಲ್ಲಿ ನಮ್ಮ ಗೆಳೆಯ ಎದುರಾಳಿ ಅಲ್ಲ, ಅವನು ನಮ್ಮ ಪಾಯಿಂಟೂ ಅಲ್ಲ. ಈ ಸೀಸನ್ನಿನಲ್ಲಿ ಎಷ್ಟು ಜನಕ್ಕೆ ಹೇಳಿದೆ ಅಂತ ಗೋಡೆ ಮೇಲೆ ಸ್ಟಾರ್ ಅಂಟಿಸುವ ಯೂತ್ ಗ್ರೂಪ್‌ಗಳಿವೆ. ನನಗೆ ಅದು ಸುತಾರಾಂ ಇಷ್ಟವಿಲ್ಲ. ತನ್ನ ಹೆಸರು ಇನ್ನೊಬ್ಬರ ಚಾರ್ಟಿನಲ್ಲಿತ್ತು ಅಂತ ಗೊತ್ತಾದರೆ ಆ ಗೆಳೆಯನಿಗೆ ಹೇಗನ್ನಿಸಬೇಡ? ಕೇಳಿದವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ಮೃದುವಾಗಿ, ಗೌರವದಿಂದ ಅಂತ ಪೇತ್ರನ ಮೊದಲ ಪತ್ರ ಹೇಳುತ್ತದೆ. ಬೇಡ ಅಂದ ಗೆಳೆಯ ಮಾರನೇ ದಿನವೂ ಮೊದಲಿನ ಹಾಗೆಯೇ ಗೆಳೆಯ. ಚರ್ಚಿಗೆ ಕರೆಯುವುದಾದರೆ ಅವನ ಅಪ್ಪ ಅಮ್ಮನಿಗೆ ಮೊದಲೇ ತಿಳಿಸಬೇಕು. ಬೇರೆ ಧರ್ಮದ ಮನೆಯಾದರೆ ಇದು ಇನ್ನೂ ಮುಖ್ಯ. ನಮ್ಮ ಮಕ್ಕಳನ್ನು ನಮಗೆ ಹೇಳದೆ ಯಾರಾದರೂ ಕರೆದುಕೊಂಡು ಹೋದರೆ ನಾವು ಸುಮ್ಮನಿರುತ್ತೀವಾ?

ನಿಮ್ಮಲ್ಲಿ ಕೆಲವರು ಕೋಚ್ ಆಗಿ ಸೇವೆ ಮಾಡುತ್ತೀರಿ. ನಿಮಗೆ ಒಂದು ಮಾತು. ಅಮೆರಿಕದಲ್ಲಿ ಮ್ಯಾಚ್ ಮುಗಿದಮೇಲೆ ಮೈದಾನದ ನಡುವೆ ಪ್ರಾರ್ಥನೆ ಮಾಡಿದ ಶಾಲಾ ಕೋಚ್ ಒಬ್ಬರ ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. 2022ರಲ್ಲಿ ಕೋರ್ಟು 6-3ರಲ್ಲಿ ಕೋಚ್ ಪರವಾಗಿ ತೀರ್ಪು ಕೊಟ್ಟಿತು. ಒಪ್ಪದ ಮೂವರು ನ್ಯಾಯಮೂರ್ತಿಗಳು ವಿದ್ಯಾರ್ಥಿಗಳ ಮೇಲೆ ಬೀಳುವ ಒತ್ತಡದ ಮಾತು ಎತ್ತಿದ್ದರು. ಕಾನೂನು ದೇಶದಿಂದ ದೇಶಕ್ಕೆ ಬೇರೆ. ಆದರೆ ಆ ಒತ್ತಡ ಎಲ್ಲ ಕಡೆಯೂ ಇದೆ. ಯಾರು ಆಡಬೇಕು, ಯಾರು ಬೆಂಚಿನಲ್ಲಿ ಕೂರಬೇಕು ಅಂತ ನಿರ್ಧರಿಸುವವರು ನೀವು. ನೀವು ಪ್ರಾರ್ಥನೆಗೆ ಕರೆದರೆ ಬೆಂಚಿನ ಹುಡುಗ ಇಲ್ಲ ಅನ್ನುವುದು ಹೇಗೆ? ಕೋಚ್‌ಗಳು ಎಲ್ಲರಿಗೂ ಸಮನಾಗಿ ಆಡಲು ಅವಕಾಶ ಕೊಡಿ, ತೀರ್ಪುಗಾರರನ್ನು ಬೈಯಬೇಡಿ. ಮಾತಾಡುವ ಕೆಲಸ ಮಕ್ಕಳಿಗೆ ಬಿಡಿ.

ಕೊನೆಗೆ ಭಾನುವಾರದ ಟೂರ್ನಮೆಂಟ್ ಪ್ರಶ್ನೆ, ಅದೂ ಆ ತಾಯಿಯ ಪೋಸ್ಟಿನಲ್ಲಿತ್ತು. ಸ್ಕಾಟ್ಲೆಂಡಿನ ಓಟಗಾರ ಎರಿಕ್ ಲಿಡೆಲ್ ಹೆಸರು ಆಗಲೇ ಒಬ್ಬರು ಎತ್ತಿದ್ದಾರೆ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಹೀಟ್ಸ್ ಭಾನುವಾರ ಬಂತು ಅಂತ ಓಡಲಿಲ್ಲ, 400 ಮೀಟರ್ ಓಡಿ 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ಸರಿ. ಆದರೆ ಕಥೆಯನ್ನು ಅಲ್ಲಿಗೇ ನಿಲ್ಲಿಸಬೇಡಿ. ಅವರು ಮಿಷನರಿಯಾಗಿ ಚೀನಾಕ್ಕೆ ಹೋದರು, ಯುದ್ಧದ ಕಾಲದಲ್ಲಿ ಜಪಾನಿಯರ ವೈಶಿಯೆನ್ ಶಿಬಿರದಲ್ಲಿ ಬಂದಿಯಾದರು, 1945ರಲ್ಲಿ ಅಲ್ಲೇ ತೀರಿಕೊಂಡರು. ಆ ಶಿಬಿರದಲ್ಲಿ ಮಕ್ಕಳಿಗೆ ಆಟ ಆಡಿಸುತ್ತಿದ್ದವರು ಅವರೇ. ಭಾನುವಾರ ತೀರ್ಪುಗಾರರಿಲ್ಲದೆ ಮಕ್ಕಳು ಹಾಕಿ ಆಡುತ್ತಾ ಹೊಡೆದಾಡಿಕೊಂಡಾಗ, ಅದೇ ಲಿಡೆಲ್ ಭಾನುವಾರವೂ ತೀರ್ಪುಗಾರರಾಗಿ ನಿಂತರು. ತನ್ನ ಪದಕಕ್ಕೆ ಮುರಿಯದ ನಿಯಮವನ್ನು ಮಕ್ಕಳಿಗಾಗಿ ಸಡಿಲಿಸಿದರು. ಶಿಬಿರದಲ್ಲಿದ್ದ ಸ್ಟೀವನ್ ಮೆಟ್‌ಕಾಫ್ ಅನ್ನುವ ಹುಡುಗನಿಗೆ ತಮ್ಮ ಹಳೇ ರನ್ನಿಂಗ್ ಶೂ ಕೊಟ್ಟರು, ಶತ್ರುಗಳಿಗಾಗಿ ಪ್ರಾರ್ಥಿಸುವುದನ್ನು ಕಲಿಸಿದರು. ಆ ಹುಡುಗ ದೊಡ್ಡವನಾಗಿ ಮಿಷನರಿಯಾಗಿ ಹೋದದ್ದು ಜಪಾನಿಗೆ.

ಹಾಗಾಗಿ ಭಾನುವಾರದ ಬಗ್ಗೆ ನಾನು ಒಂದೇ ಉತ್ತರ ಕೊಡಲಾರೆ. ಸೀಸನ್ ಶುರುವಾಗುವ ಮುಂಚೆಯೇ ವೇಳಾಪಟ್ಟಿ ನೋಡಿ, ಮಗುವನ್ನೂ ಕೂರಿಸಿಕೊಂಡು ನಿರ್ಧಾರ ಮಾಡಿ, ಕೋಚ್‌ಗೆ ಆಗಲೇ ತಿಳಿಸಿ. ಮ್ಯಾಚಿನ ಹಿಂದಿನ ರಾತ್ರಿ ಬರುವುದಿಲ್ಲ ಅಂದರೆ ಟೀಮಿನವರಿಗೆ ಕಾಣುವುದು ಕೈಕೊಟ್ಟ ಹುಡುಗಿ ಮಾತ್ರ.

ಚೀಟಿಯಲ್ಲಿ ಬಂದ ಪ್ರಶ್ನೆಗಳನ್ನು ನಾನು ಒಂದು ಕಡೆ ಸೇರಿಸುತ್ತಿದ್ದೇನೆ. ನಿಮ್ಮ ಮಕ್ಕಳಿಗೆ ಟೀಮಿನಲ್ಲಿ ಯಾರಾದರೂ ಕೇಳಿದ ಪ್ರಶ್ನೆ ಇದ್ದರೆ, ಹೆಸರು ಹಾಕದೆ, ಕೆಳಗೆ ಬರೆಯಿರಿ. ಉತ್ತರ ಬರೆಯಬೇಡಿ, ಅದನ್ನು ಮಕ್ಕಳೇ ಹುಡುಕಲಿ.