ಪತ್ತೆಯಾಗದ ಕೊಲೆಯ ಬಗ್ಗೆ ಊರು ಎಷ್ಟು ಮಾತಾಡಬಹುದು?

ಪ್ರಶ್ನೆ: ಶಾಲಾ ಶಿಕ್ಷಕ, ಗಂಗಾವತಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷಗಳ ಹಿಂದೆ, ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು ಭತ್ತದ ನಾಟಿ ನಡೆಯುತ್ತಿದ್ದ ದಿನಗಳಲ್ಲಿ, ನಮ್ಮ ಊರಿನ ಯುವತಿಯೊಬ್ಬಳ ಶವ ಎರಡು ಹಳ್ಳಿ ಕೆಳಗಿನ ತೂಬಿನ ಬಳಿ ಸಿಕ್ಕಿತು. ಪೊಲೀಸರು ಕೊಲೆ ಎಂದು ಪ್ರಕರಣ ದಾಖಲಿಸಿದರು. ಕೊಂದವರು ಯಾರೆಂಬುದು ಇಂದಿಗೂ ತಿಳಿದಿಲ್ಲ. ಅವಳ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಗೊತ್ತಿರುವವರೂ ದಯವಿಟ್ಟು ಬರೆಯಬೇಡಿ. ಅವಳು ನನ್ನ ಕೈಯಲ್ಲಿ ಮೂರು ವರ್ಷ ಕಲಿತ ಹುಡುಗಿ. ಪಟ್ಟಣದ ಬಟ್ಟೆ ಅಂಗಡಿಯೊಂದರಲ್ಲಿ ದುಡಿದು ತಮ್ಮನ ಡಿಪ್ಲೊಮಾ ಶುಲ್ಕ ಕಟ್ಟುತ್ತಿದ್ದಳು.

ಮೊದಲ ವಾರದಲ್ಲೇ ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಾತು ಶುರುವಾಯಿತು. ಅವಳೇ ಕಾಲುವೆಗೆ ಹಾರಿದಳೆಂದು ಕೆಲವರು, ಯಾರನ್ನೋ ಪ್ರೀತಿಸುತ್ತಿದ್ದಳೆಂದು ಕೆಲವರು, ಮನೆಯವರಿಗೇ ಎಲ್ಲ ಗೊತ್ತಿದೆಯೆಂದು ಇನ್ನು ಕೆಲವರು ಹೇಳಿದರು. ಕೊನೆಗೆ ಎಲ್ಲರ ಬೆರಳೂ ಅವಳನ್ನು ಆ ಸಂಜೆ ಊರ ಅಗಸೆ ಬಾಗಿಲವರೆಗೆ ಕರೆತಂದ ಟಂಟಂ ಆಟೊ ಚಾಲಕನ ಕಡೆಗೆ ತಿರುಗಿತು. ಪೊಲೀಸರು ಅವನನ್ನು ವಿಚಾರಿಸಿ ಬಿಟ್ಟರು, ಆದರೆ ಊರು ಬಿಡಲಿಲ್ಲ. ಅವನು ಗಾಡಿ ಮಾರಿ, ಹೆಂಡತಿ ಮಕ್ಕಳೊಂದಿಗೆ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ. ‘ಓಡಿ ಹೋದನಲ್ಲ, ಅದೇ ಸಾಕ್ಷಿ’ ಎಂದು ಮತ್ತೆ ಬರೆದರು.

ನಾನೂ ಬರೆದಿದ್ದೇನೆ. ಅಂಗಡಿ ಮುಚ್ಚಿದ ಹೊತ್ತು, ಟಂಟಂ ಬಿಟ್ಟ ಹೊತ್ತು, ಕಾಲುವೆಯ ನೀರಿನ ಓಟ, ಇವನ್ನೆಲ್ಲ ಹೊಂದಿಸಿ ಒಂದು ಉದ್ದನೆಯ ಬರಹ ಹಾಕಿದ್ದೆ. ಅದು ತಾಲ್ಲೂಕನ್ನೆಲ್ಲ ಸುತ್ತಿತು. ಕಳೆದ ತಿಂಗಳು ಅವಳ ತಾಯಿ ಶಾಲೆಯ ಬಾಗಿಲಿಗೆ ಬಂದು, ‘ಸರ್, ನೀವು ಬರದಿದ್ದು ಖರೇನಾ? ನಿಮಗ ಹ್ಯಾಂಗ ಗೊತ್ತಾತು?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಇಂತಹ ಪ್ರಕರಣದಲ್ಲಿ ಊರು ಸುಮ್ಮನಿರುವುದು ಸರಿಯೇ? ಮಾತಾಡುವುದಾದರೆ ಎಷ್ಟು, ಯಾರ ಮುಂದೆ? ಆ ತಾಯಿಗೆ ಈಗ ಏನು ಮಾಡಿಕೊಡಬಹುದು?

ಉತ್ತರ: ನಿವೃತ್ತ ಠಾಣಾ ರೈಟರ್, ರಾಯಚೂರು

ಮಾಸ್ತರರೇ, ಠಾಣೆಯಲ್ಲಿ ಬರವಣಿಗೆಯ ಕೆಲಸದಲ್ಲೇ ನನ್ನ ಸೇವೆಯ ಬಹುಭಾಗ ಕಳೆಯಿತು. ಊರಿನ ಊಹೆ ತನಿಖೆಗೆ ಏನು ಮಾಡುತ್ತದೆ ಎಂಬುದನ್ನು ಒಳಗಿನಿಂದ ಕಂಡವನಾಗಿ ಬರೆಯುತ್ತಿದ್ದೇನೆ.

ಕಾಲುವೆಯಲ್ಲಿ ಸಿಕ್ಕ ಶವ ತನಿಖಾಧಿಕಾರಿಗೆ ಅತ್ಯಂತ ಕಷ್ಟದ್ದು. ಶವ ಸಿಕ್ಕ ಜಾಗ ಕೃತ್ಯ ನಡೆದ ಜಾಗವಲ್ಲ. ರಕ್ತ, ಹೆಜ್ಜೆ, ಬಟ್ಟೆಯ ಎಳೆ ಯಾವುದೂ ಅಲ್ಲಿ ಉಳಿದಿರುವುದಿಲ್ಲ. ನೀರು ಒಂದು ಠಾಣೆಯ ಸರಹದ್ದಿನಿಂದ ಇನ್ನೊಂದಕ್ಕೆ ಕೊಂಡೊಯ್ದಿರುತ್ತದೆ. ಸತ್ತ ಹೊತ್ತನ್ನು ಮರಣೋತ್ತರ ಪರೀಕ್ಷೆಯಲ್ಲಿ ಹೇಳುವುದೂ ಬಿಗಿಯಾಗುವುದಿಲ್ಲ. ಇಂತಹ ಕಡೆ ಉಳಿಯುವುದು ಎರಡೇ: ಕಂಡವರ ನೆನಪು ಮತ್ತು ಯಂತ್ರಗಳ ದಾಖಲೆ. ಊರಿನ ಮಾತು ಮೊದಲು ಕೆಡಿಸುವುದು ಕಂಡವರ ನೆನಪನ್ನು. ಅಗಸೆಯ ಬಳಿ ಆ ಸಂಜೆ ಯಾರನ್ನೋ ಕಂಡ ಮುದುಕಿಯೊಬ್ಬಳಿದ್ದಾಳೆ ಎಂದುಕೊಳ್ಳಿ. ಮೊಮ್ಮಗ ಮೊಬೈಲಿನಲ್ಲಿ ಟಂಟಂ ಚಾಲಕನ ಫೋಟೊ ತೋರಿಸಿ ‘ಇವನೇ ಅಂತ’ ಎಂದರೆ, ಮರುದಿನದಿಂದ ಅವಳ ನೆನಪಿನಲ್ಲಿ ಆ ಮುಖವೇ ಕೂರುತ್ತದೆ. ಅವಳು ಸುಳ್ಳು ಹೇಳುತ್ತಿರುವುದಿಲ್ಲ. ಆದರೆ ಸಾಲಾಗಿ ನಿಂತವರಲ್ಲಿ ತಾನು ಕಂಡವನನ್ನು ಸಾಕ್ಷಿ ಗುರುತಿಸುವ ‘ಗುರುತು ಪತ್ತೆ ಪರೇಡ್’ ನಡೆಸುವ ಅರ್ಥವೇ ಅಲ್ಲಿಗೆ ಮುಗಿಯಿತು, ಏಕೆಂದರೆ ಮೊದಲೇ ಫೋಟೊ ನೋಡಿದ ಸಾಕ್ಷಿಯ ಗುರುತಿಸುವಿಕೆ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ.

ಎರಡನೆಯದು ಇನ್ನೂ ಮುಖ್ಯ. ಪೊಲೀಸರ ಮುಂದೆ ಆರೋಪಿ ‘ನಾನೇ ಕೊಂದೆ’ ಎಂದರೆ ಅದು ಸಾಕ್ಷ್ಯವಲ್ಲ. ಹಳೆಯ ಸಾಕ್ಷ್ಯ ಅಧಿನಿಯಮದ 27ನೆಯ ಕಲಮಿನಂತೆ, ಅವನು ಹೇಳಿದ್ದರಿಂದ ಒಂದು ವಸ್ತು ಹೊಸದಾಗಿ ಪತ್ತೆಯಾದರೆ, ಆ ಪತ್ತೆಗೆ ಸಂಬಂಧಿಸಿದಷ್ಟು ಮಾತಿಗೆ ಮಾತ್ರ ಬೆಲೆ. ಅವಳ ಚೀಲ ಎಲ್ಲಿ ಬಿದ್ದಿರಬಹುದು, ಚಪ್ಪಲಿ ಯಾವ ಬದುವಿನ ಮೇಲಿತ್ತು ಎಂಬುದನ್ನು ಊರೆಲ್ಲ ವಿಡಿಯೊ ಮಾಡಿ ಹಂಚಿದ ಮೇಲೆ ‘ಪತ್ತೆ’ ಎನ್ನಲು ಏನು ಉಳಿಯಿತು? ಕೊಂದವನಿಗೆ ಮಾತ್ರ ತಿಳಿದಿರಬೇಕಾದ ಸಂಗತಿಯನ್ನು ಎಲ್ಲರಿಗೂ ತಿಳಿಸುವುದು, ಒಂದರ್ಥದಲ್ಲಿ, ಕೊಂದವನಿಗೆ ಮಾಡುವ ಉಪಕಾರ.

ಇನ್ನು ಯಂತ್ರದ ದಾಖಲೆಯ ಮಾತು. ಅಂಗಡಿಗಳ ಸಿಸಿಟಿವಿ ಕೆಲವೇ ದಿನ ಅಥವಾ ವಾರಗಳಲ್ಲಿ ತಾನಾಗಿಯೇ ಅಳಿಸಿಹೋಗುತ್ತದೆ. ಮೊಬೈಲ್ ಕರೆಯ ವಿವರಗಳನ್ನು ಕಂಪನಿಗಳು ಕನಿಷ್ಠ ಎರಡು ವರ್ಷ ಇಡಬೇಕೆಂಬ ನಿಯಮ ಬಂದದ್ದೇ 2021ರ ಡಿಸೆಂಬರಿನಲ್ಲಿ. ಮೊದಲು ಅದು ಒಂದೇ ವರ್ಷವಿತ್ತು. ಜನ ಠಾಣೆಯ ಮುಂದೆ ಕೂತು ಒಬ್ಬನನ್ನೇ ಹಿಡಿಯಿರಿ ಎಂದು ಒತ್ತಾಯಿಸಿದಾಗ, ಮೇಲಿನವರಿಂದಲೂ ಅದೇ ಒತ್ತಡ ಬಂದಾಗ, ಅವನ ಬೆನ್ನ ಹಿಂದೆ ಬಿದ್ದು ಕಳೆದ ಹದಿನೈದು ದಿನಗಳಲ್ಲಿ ಬೇರೆ ದಾಖಲೆಗಳು ಅಳಿಯುತ್ತ ಹೋಗುತ್ತವೆ. ಇಲಾಖೆಯ ತಪ್ಪೇ ಇಲ್ಲವೆಂದು ನಾನು ಹೇಳುವುದಿಲ್ಲ. ಒತ್ತಡಕ್ಕೆ ಬಗ್ಗಿದ್ದು ನಮ್ಮ ತಪ್ಪೇ.

ಉತ್ತರ: ಓದುಗ ಮಹಿಳೆ, ಸಿಂಧನೂರು

ರೈಟರ್ ಅಣ್ಣನವರ ಮಾತಿಗೆ ಗೌರವವಿಟ್ಟೇ ಭಿನ್ನಾಭಿಪ್ರಾಯ ಹೇಳುತ್ತೇನೆ. ಬಡವರ ಮನೆಯ ಹೆಣ್ಣುಮಗಳ ಸಾವಿನ ಬಗ್ಗೆ ಊರು ಸುಮ್ಮನಾದರೆ ಕಡತ ಮರುದಿನವೇ ಮುಚ್ಚುತ್ತದೆ. 1999ರಲ್ಲಿ ದೆಹಲಿಯಲ್ಲಿ ರೂಪದರ್ಶಿ ಜೆಸ್ಸಿಕಾ ಲಾಲ್ ಅವರ ಕೊಲೆ ಹತ್ತಾರು ಜನರ ನಡುವೆ ನಡೆಯಿತು. 2006ರ ಫೆಬ್ರುವರಿಯಲ್ಲಿ ವಿಚಾರಣಾ ನ್ಯಾಯಾಲಯ ಎಲ್ಲ ಆರೋಪಿಗಳನ್ನು ಖುಲಾಸೆಗೊಳಿಸಿತು. ಜನ ಮೇಣದಬತ್ತಿ ಹಿಡಿದು ಬೀದಿಗಿಳಿದರು, ಮೇಲ್ಮನವಿ ಬೇಗ ವಿಚಾರಣೆಗೆ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಮುಖ್ಯ ಆರೋಪಿಗೆ ಶಿಕ್ಷೆ ವಿಧಿಸಿತು. ಸುಮ್ಮನಿದ್ದಿದ್ದರೆ ಇದು ಆಗುತ್ತಿತ್ತೇ?

ಆದರೆ ಬರೆಯುತ್ತ ಬರೆಯುತ್ತ ನನಗೇ ಒಂದು ವ್ಯತ್ಯಾಸ ಹೊಳೆಯುತ್ತಿದೆ. ಅಲ್ಲಿ ಜನ ಕೊಲೆಗಾರನನ್ನು ತಾವೇ ಹುಡುಕಿಕೊಡಲಿಲ್ಲ. ಸಾಕ್ಷಿಗಳು ಏಕೆ ತಿರುಗಿಬಿದ್ದರು, ಮೇಲ್ಮನವಿ ಏಕೆ ತಡ ಎಂದು ಕೇಳಿದರು. ನಮ್ಮ ಕಡೆ ಆ ಕೇಳುವಿಕೆ ಬಿಟ್ಟು ಉಳಿದದ್ದೆಲ್ಲ ನಡೆಯುತ್ತದೆ. ಹುಡುಗಿ ಯಾರ ಜೊತೆ ಮಾತಾಡುತ್ತಿದ್ದಳು, ಎಂಥ ಬಟ್ಟೆ ಹಾಕುತ್ತಿದ್ದಳು ಎಂದು ಚರ್ಚಿಸುವ ಗಂಡಸರಲ್ಲಿ ಒಬ್ಬರೂ ‘ತನಿಖೆ ಎಲ್ಲಿಗೆ ಬಂತು’ ಎಂದು ಠಾಣೆಗೆ ಹೋಗಿ ಕೇಳಿದ್ದನ್ನು ನಾನು ಕಂಡಿಲ್ಲ. ಸತ್ತವಳು ಎದ್ದು ಬಂದು ಉತ್ತರ ಕೊಡಲಾರಳು ಎಂಬ ಧೈರ್ಯದಿಂದಲೇ ಅವಳ ನಡತೆಯನ್ನು ಅಳೆಯುತ್ತಾರೆ. ಅದನ್ನು ನಾನು ಕ್ಷಮಿಸುವುದಿಲ್ಲ.

ಉತ್ತರ: ಜೀವಶಾಸ್ತ್ರ ಉಪನ್ಯಾಸಕಿ, ಕೊಪ್ಪಳ

‘ಅವಳೇ ಹಾರಿದಳು’ ಎಂದವರಿಗೆ ಒಂದು ಮಾತು. ಕಾಲುವೆಯ ನೀರಿನಲ್ಲಿ ಡಯಾಟಮ್ ಎಂಬ, ಸಿಲಿಕಾ ಚಿಪ್ಪಿನ, ಕಣ್ಣಿಗೆ ಕಾಣದ ಪಾಚಿಗಳಿರುತ್ತವೆ. ಉಸಿರಾಡುತ್ತಿರುವವರು ಮುಳುಗಿದರೆ ನೀರಿನೊಂದಿಗೆ ಅವು ಶ್ವಾಸಕೋಶಕ್ಕೆ ಹೋಗಿ, ಅಲ್ಲಿಂದ ರಕ್ತಕ್ಕೆ ಸೇರಿ, ಮೂಳೆಯ ಮಜ್ಜೆಯವರೆಗೆ ತಲುಪಬಲ್ಲವು. ಹೃದಯ ನಿಂತ ಮೇಲೆ ನೀರಿಗೆ ಹಾಕಿದ ದೇಹದಲ್ಲಿ ಹಾಗೆ ಹರಡುವುದಿಲ್ಲ. ಆದ್ದರಿಂದ ಮಜ್ಜೆಯ ಮಾದರಿಯನ್ನೂ ಅದೇ ಜಾಗದ ನೀರಿನ ಮಾದರಿಯನ್ನೂ ಪ್ರಯೋಗಾಲಯದಲ್ಲಿ ಹೋಲಿಸುತ್ತಾರೆ. ಇದೊಂದೇ ಪರೀಕ್ಷೆಯಿಂದ ತೀರ್ಮಾನವಾಗುವುದಿಲ್ಲ, ಗಾಯಗಳ ಜೊತೆಗಿಟ್ಟು ಓದಬೇಕು. ಕೊಲೆ ಎಂದು ದಾಖಲಾಗಿದೆಯೆಂದರೆ ವೈದ್ಯರು ಏನನ್ನೋ ಕಂಡಿರಬೇಕು. ಕಾಲುವೆಯ ಏರಿಯ ಮೇಲೆ ನಿಂತು ನೋಡಿದವರಿಗೆ ಅದು ಕಾಣುವಂಥದ್ದಲ್ಲ.

ಟಂಟಂ ಚಾಲಕನ ವಿಷಯ ಓದಿದಾಗ ನನಗೆ ಲಂಡನ್ನಿನ ವಿಂಬಲ್ಡನ್ ಕಾಮನ್ ಎಂಬ ಸಾರ್ವಜನಿಕ ಬಯಲಿನ ಪ್ರಕರಣ ನೆನಪಾಯಿತು. 1992ರ ಜುಲೈನಲ್ಲಿ, ಪುಟ್ಟ ಮಗನೊಂದಿಗೆ ಅಲ್ಲಿ ನಡೆದಾಡುತ್ತಿದ್ದ 23 ವರ್ಷದ ತಾಯಿಯನ್ನು ಹಾಡಹಗಲೇ ಕೊಲ್ಲಲಾಯಿತು. ಅಲ್ಲಿಯೇ ನಾಯಿ ಕರೆದುಕೊಂಡು ತಿರುಗಾಡುತ್ತಿದ್ದ ಒಬ್ಬ ಒಂಟಿ ಮನುಷ್ಯನ ಮೇಲೆ ಪೊಲೀಸರ, ಪತ್ರಿಕೆಗಳ, ಜನರ ಕಣ್ಣು ಬಿತ್ತು. ಸ್ನೇಹದ ನಟನೆ ಮಾಡಿ ತಪ್ಪೊಪ್ಪಿಗೆ ಪಡೆಯಲು ಮಾರುವೇಷದ ಮಹಿಳಾ ಪೊಲೀಸರನ್ನು ತಿಂಗಳುಗಟ್ಟಲೆ ಅವನ ಬಳಿ ಬಿಟ್ಟರು. ಅವನು ಒಪ್ಪಿಕೊಳ್ಳಲಿಲ್ಲ. 1994ರ ಸೆಪ್ಟೆಂಬರಿನಲ್ಲಿ ನ್ಯಾಯಾಧೀಶರು ಆ ಸಾಕ್ಷ್ಯವನ್ನು ತಳ್ಳಿಹಾಕಿದರು, ಅವನು ಬಿಡುಗಡೆಯಾದ. ಆದರೂ ಜನರ ಬಾಯಲ್ಲಿ ಅವನು ‘ತಪ್ಪಿಸಿಕೊಂಡವನು’ ಆಗಿಯೇ ಇನ್ನೂ ಹದಿನಾಲ್ಕು ವರ್ಷ ಬದುಕಬೇಕಾಯಿತು. ಡಿಎನ್‌ಎ ತಂತ್ರ ಸುಧಾರಿಸಿದ ಮೇಲೆ, 2008ರ ಡಿಸೆಂಬರಿನಲ್ಲಿ, ಬೇರೊಬ್ಬನು ನ್ಯಾಯಾಲಯದಲ್ಲಿ ಆ ಕೃತ್ಯವನ್ನು ಒಪ್ಪಿಕೊಂಡ. ಎಲ್ಲರೂ ಆ ಒಂಟಿ ಮನುಷ್ಯನನ್ನೇ ನೋಡುತ್ತಿದ್ದ ಹೊತ್ತಿನಲ್ಲಿ, 1993ರ ನವೆಂಬರಿನಲ್ಲಿ, ಆ ನಿಜವಾದ ಹಂತಕ ಇನ್ನೊಬ್ಬ ತಾಯಿಯನ್ನೂ ಅವಳ ನಾಲ್ಕು ವರ್ಷದ ಮಗಳನ್ನೂ ಕೊಂದಿದ್ದ. ಈ ಪ್ರಕರಣವನ್ನು ತರಗತಿಯಲ್ಲಿ ಹೇಳುವಾಗ ಪ್ರತಿ ಸಲವೂ ಆ ಮಗುವಿನ ವಯಸ್ಸಿಗೆ ಬಂದು ನಾನು ನಿಲ್ಲುತ್ತೇನೆ.

ಉತ್ತರ: ಸಿರುಗುಪ್ಪ

ನನ್ನ ಅಣ್ಣನ ಮೇಲೂ ಒಂದು ಕಾಲದಲ್ಲಿ ಇಂಥದೇ ಅನುಮಾನ ಬಂದಿತ್ತು. ಕೊನೆಗೆ ಬೇರೆಯವರು ಸಿಕ್ಕರು. ಅನುಮಾನಪಟ್ಟವರು ನೂರು ಜನ. ತಪ್ಪಾಯಿತು ಎಂದು ಮನೆಗೆ ಬಂದು ಹೇಳಿದವರು ಇಬ್ಬರು. ಆ ಇಬ್ಬರ ಹೆಸರನ್ನು ನಮ್ಮ ಅವ್ವ ಸಾಯುವವರೆಗೂ ನೆನೆಯುತ್ತಿದ್ದಳು.

ಉತ್ತರ: ವಕೀಲ, ಬಳ್ಳಾರಿ

ಸರ್, ನಿಮ್ಮ ಕೊನೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಪ್ರಕರಣ, ಹೊಸ ಅಪರಾಧ ಕಾನೂನುಗಳು ಜಾರಿಗೆ ಬಂದ 2024ರ ಜುಲೈ 1ಕ್ಕಿಂತ ಹಿಂದಿನದಾದ್ದರಿಂದ ಭಾರತೀಯ ದಂಡ ಸಂಹಿತೆಯ 302ನೆಯ ಕಲಮು ಮತ್ತು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯನ್ನೇ ಹಿಡಿದು ಹೇಳುತ್ತಿದ್ದೇನೆ. ಕೊಲೆಗೆ ಕಾಲಮಿತಿಯಿಲ್ಲ, ನಾಲ್ಕು ವರ್ಷವಾಯಿತೆಂದು ಯಾವ ಬಾಗಿಲೂ ಮುಚ್ಚುವುದಿಲ್ಲ.

ಮೊದಲು ತಿಳಿಯಬೇಕಾದದ್ದು, ತನಿಖೆ ಇನ್ನೂ ಬಾಕಿಯಿದೆಯೋ ಅಥವಾ ಆರೋಪಿ ಪತ್ತೆಯಾಗಿಲ್ಲವೆಂದು ‘ಸಿ’ ವರದಿ ಸಲ್ಲಿಕೆಯಾಗಿದೆಯೋ ಎಂಬುದು. ದೂರು ಕೊಟ್ಟವರಿಗೆ ಕೈಗೊಂಡ ಕ್ರಮವನ್ನು ತಿಳಿಸುವುದು ಪೊಲೀಸರ ಕರ್ತವ್ಯ. ಅಂತಿಮ ವರದಿಯನ್ನು ಒಪ್ಪಿಕೊಂಡು ಪ್ರಕರಣ ಮುಗಿಸುವ ಮುನ್ನ ಮ್ಯಾಜಿಸ್ಟ್ರೇಟರು ದೂರುದಾರರ ಮಾತು ಕೇಳಬೇಕೆಂದು ಸುಪ್ರೀಂ ಕೋರ್ಟ್ 1985ರಲ್ಲೇ ಭಗವಂತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ‘ಸಿ’ ವರದಿಯಾಗಿದ್ದರೂ ಹೊಸ ಸುಳಿವು ಬಂದಾಗ ದಂಡ ಪ್ರಕ್ರಿಯಾ ಸಂಹಿತೆಯ 173(8)ರ ಅಡಿ ತನಿಖೆಯನ್ನು ಮುಂದುವರಿಸಬಹುದು. ಮೇಲಿನ ಕೋರ್ಟಿಗೆ ಹೋಗಬೇಕಾಗಿ ಬಂದರೆ ಕೊಪ್ಪಳ ಮತ್ತು ಬಳ್ಳಾರಿಯವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ ಪೀಠ.

ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿಯಿದೆ. ಅಪರಾಧಿ ಪತ್ತೆಯಾಗದೆ, ವಿಚಾರಣೆಯೇ ನಡೆಯದಿದ್ದರೂ, ಸತ್ತವರ ಅವಲಂಬಿತರು ಅದೇ ಸಂಹಿತೆಯ 357ಎ(4)ರ ಅಡಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಪರಿಹಾರ ಕೋರಿ ಅರ್ಜಿ ಹಾಕಬಹುದು. ಅವಳ ದುಡಿಮೆಯ ಮೇಲೆ ತಮ್ಮನ ಓದು ನಿಂತಿತ್ತು ಎಂದು ಬರೆದಿದ್ದೀರಿ. ಅದನ್ನು ಅರ್ಜಿಯಲ್ಲಿ ಕಾಣಿಸಿ. ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಉಚಿತವಾಗಿ ವಕೀಲರ ನೆರವು ಸಿಗುತ್ತದೆ. ಈಗಾಗಲೇ ತಡವಾಗಿದೆ, ಇನ್ನು ದಿನ ದೂಡಬೇಡಿ.

ಗುಂಪಿನಲ್ಲಿ ಬರೆಯುವವರಿಗೆ ಇದನ್ನೂ ತಿಳಿಸಿ: ಮಾನನಷ್ಟದ ಕಾನೂನು ಬದುಕಿರುವವರಿಗೆ ಮಾತ್ರವಲ್ಲ. ಮೃತರ ಬಗ್ಗೆ, ಅವರ ಕುಟುಂಬದವರ ಮನಸ್ಸು ನೋಯಿಸುವ ಉದ್ದೇಶದಿಂದ ಆಡಿದ ಮಾತೂ ಮಾನನಷ್ಟವಾಗಬಹುದು.

ಪ್ರಶ್ನೆ ಕೇಳಿದವರಿಂದ

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಸಿಂಧನೂರಿನ ಅಕ್ಕನವರು ಹೇಳಿದ್ದು ನನಗೇ ನೇರವಾಗಿ ತಾಗಿತು. ನಾಲ್ಕು ವರ್ಷದಲ್ಲಿ ನಾನೂ ಠಾಣೆಗೆ ಒಮ್ಮೆಯೂ ಹೋಗಿಲ್ಲ.

ನನ್ನ ಬರಹವನ್ನು ಅಳಿಸಿದ್ದೇನೆ. ಅದರಲ್ಲಿ ಬರೆದ ಹೊತ್ತುಗಳೆಲ್ಲ ಊಹೆಯೆಂದು, ಚಾಲಕನ ವಿರುದ್ಧ ನನ್ನ ಬಳಿ ಯಾವ ಆಧಾರವೂ ಇರಲಿಲ್ಲವೆಂದು ಅದೇ ಗುಂಪಿನಲ್ಲಿ ನನ್ನ ಹೆಸರಿನಲ್ಲೇ ಬರೆದೆ. ಮೂವರು ಜಗಳಕ್ಕೆ ಬಂದರು. ಒಬ್ಬರು ಮಾತ್ರ ಖಾಸಗಿಯಾಗಿ ಕರೆ ಮಾಡಿ, ಆ ಸಂಜೆ ಕಾಲುವೆಯ ಏರಿಯ ಮೇಲೆ ತಾವು ಕಂಡದ್ದೊಂದನ್ನು ಯಾರಿಗೂ ಹೇಳಿಲ್ಲ, ಊರೆಲ್ಲ ಟಂಟಂ ಎನ್ನುತ್ತಿದ್ದಾಗ ತಮ್ಮ ಮಾತಿಗೆ ಬೆಲೆಯಿಲ್ಲವೆಂದು ಸುಮ್ಮನಾದೆ ಎಂದರು. ಏನು ಕಂಡಿರಿ ಎಂದು ನಾನು ಕೇಳಲಿಲ್ಲ. ನನಗಾಗಲಿ ಗುಂಪಿಗಾಗಲಿ ಹೇಳಬೇಡಿ, ತನಿಖಾಧಿಕಾರಿಗೇ ಹೇಳಿ ಎಂದೆ. ಸೋಮವಾರ ಅವರೂ, ಹುಡುಗಿಯ ತಂದೆ ತಾಯಿಯೂ, ನಾನೂ ಠಾಣೆಗೆ ಹೋಗುತ್ತಿದ್ದೇವೆ. ಅರ್ಜಿಯನ್ನು ಅವಳ ತಮ್ಮನೇ ಬರೆದಿದ್ದಾನೆ. ವಕೀಲರೇ, ಅದರ ಕರಡನ್ನು ನಿಮಗೆ ಖಾಸಗಿಯಾಗಿ ಕಳಿಸುತ್ತೇನೆ, ಒಮ್ಮೆ ನೋಡಿಕೊಡಿ. ಚಾಲಕನ ಬೆಂಗಳೂರಿನ ಫೋನ್ ನಂಬರು ಅವನ ಅತ್ತಿಗೆಯ ಹತ್ತಿರ ಇದೆಯಂತೆ; ಇವತ್ತು ಸಂಜೆ ಅವರ ಮನೆಗೆ ಹೋಗುತ್ತೇನೆ.