ಅಪ್‌ಡೇಟ್: ಶಿಕ್ಷಕರ ಮುಷ್ಕರದ ವೇಳೆ ಮಕ್ಕಳ ಓದು

ಶಿಕ್ಷಕರ ಮುಷ್ಕರದಿಂದ ನಮ್ಮೂರ ಸರ್ಕಾರಿ ಶಾಲೆಯಲ್ಲಿ ಪಾಠ ನಿಂತಾಗ, ಅವರ ಹೋರಾಟಕ್ಕೆ ಅಡ್ಡಿಯಾಗದಂತೆ ಮಕ್ಕಳ ಓದನ್ನು ಮುಂದುವರಿಸುವುದು ಹೇಗೆಂದು ಹಿಂದೆ ಕೇಳಿದ್ದೆ. ತೀರ್ಥಹಳ್ಳಿ ಕಡೆಯ ನಮ್ಮಲ್ಲಿ ಮನೆಗಳು ಚದುರಿರುವುದರಿಂದ, ಕೋವಿಡ್‌ನಿಂದ ಶಾಲೆ ಮುಚ್ಚಿದ್ದ 2020ರಲ್ಲಿ ಶಿಕ್ಷಕರು ಮಕ್ಕಳಿದ್ದಲ್ಲಿಗೇ ಹೋಗಿ ಕಲಿಸಿದ ‘ವಿದ್ಯಾಗಮ’ ಯೋಜನೆಯ ಮಾದರಿಯಲ್ಲಿ ಅಕ್ಕಪಕ್ಕದ ಮಕ್ಕಳನ್ನು ಸಣ್ಣ ಗುಂಪುಗಳಾಗಿ ಕೂರಿಸಿ ಎಂದು ಹಲವರು ನೀಡಿದ ಸಲಹೆಯನ್ನೇ ಅನುಸರಿಸಿದೆವು.

ದೊಡ್ಡ ಮಕ್ಕಳದ್ದು ಸುಲಭವಾಯಿತು. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಮೂಲಕ ದೀಕ್ಷಾ ಎಂಬ ಸರ್ಕಾರಿ ಕಲಿಕಾ ಆ್ಯಪ್‌ನಲ್ಲಿ ಸಿಗುವ ವಿಡಿಯೊಗಳನ್ನು, ಊರಲ್ಲಿ ಸಿಗ್ನಲ್ ಇಲ್ಲದ ಕಾರಣ, ಪೇಟೆಗೆ ಹೋದವರು ಡೌನ್‌ಲೋಡ್ ಮಾಡಿಕೊಂಡು ತಂದರು.

ಕಷ್ಟವಾದದ್ದು ಒಂದರಿಂದ ಮೂರನೇ ತರಗತಿಯವರದು. ಈ ತರಗತಿಗಳಿಗಿರುವ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ಒಂದೇ ಕೋಣೆಯ ಮಕ್ಕಳು ಕಲಿಕಾ ಏಣಿಯ (ಹಂತಹಂತವಾಗಿ ಜೋಡಿಸಿದ ಪಾಠಗಳ) ಬೇರೆ ಬೇರೆ ಮೆಟ್ಟಿಲುಗಳಲ್ಲಿರುತ್ತಾರೆ. ಅದಕ್ಕೆ ಬಳಸುವ ಕಲಿಕಾ ಕಾರ್ಡುಗಳೋ ಶಾಲೆಯ ಬೀರುವಿನೊಳಗಿದ್ದವು. ಶಿಕ್ಷಕರಿಲ್ಲದೆ ಬೀಗ ತೆಗೆಸಿದರೆ ಮುಷ್ಕರ ಮುರಿದಂತೆ ಕಂಡೀತೆಂದು ಶಾಲೆಯ ಅಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿ (ಎಸ್‌ಡಿಎಂಸಿ)ಯವರು ಹಿಂಜರಿದದ್ದು ನನಗೂ ಸರಿಯೆನಿಸಿತು. ಆದ್ದರಿಂದ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಕ್ಷರಗಳನ್ನು ದಪ್ಪಗೆ ಬರೆದು ಕತ್ತರಿಸಿ ಕಾರ್ಡು ಮಾಡಿಕೊಂಡೆವು. ಲೆಕ್ಕಕ್ಕೆ ಚಾಲಿ ಅಡಿಕೆ ಸಾಕಾಯಿತು: ಹತ್ತರ ಗುಡ್ಡೆ ಮಾಡಿ, ಉಳಿದದ್ದನ್ನು ಬಿಡಿಯಾಗಿ ಎಣಿಸಿದರೆ ಬಿಡಿ, ಹತ್ತುಗಳ ಸ್ಥಾನಬೆಲೆ ಕಣ್ಣೆದುರೇ ಇರುತ್ತದೆ. (ಎಣಿಸಿದ ಅಡಿಕೆ ಸಂಜೆ ಪೂರ್ತಿ ವಾಪಸು ಬರುತ್ತಿತ್ತು ಎನ್ನಲಾರೆ.)

ಹೊಸ ಪಾಠಕ್ಕೆ ಕೈಹಾಕದೆ ಆದದ್ದನ್ನೇ ಗಟ್ಟಿ ಮಾಡಿಸಿ ಎಂದ ನಿವೃತ್ತ ಮೇಷ್ಟ್ರೊಬ್ಬರ ಮಾತು ಬಹಳ ಉಪಕಾರವಾಯಿತು. ಶಾಲೆ ತೆರೆದ ಮೇಲೆ, ಯಾವ ಮಗು ಎಲ್ಲಿಯವರೆಗೆ ಓದಿದೆಯೆಂದು ಬರೆದಿಟ್ಟಿದ್ದ ನೋಟ್‌ಬುಕ್ಕನ್ನು ಶಿಕ್ಷಕರಿಗೆ ಒಪ್ಪಿಸಿದೆವು. ಪಂಚಾಯಿತಿ ಗ್ರಂಥಾಲಯದಲ್ಲಿ ಮಕ್ಕಳಿಗೆ ಮಾಡಿಸಿದ ಸದಸ್ಯತ್ವ ಈಗಲೂ ಬಳಕೆಯಲ್ಲಿದೆ. ಬಿಸಿಯೂಟ ನಿಂತದ್ದಕ್ಕೆ ಮಾತ್ರ ನಮ್ಮಿಂದ ಪರಿಹಾರ ಸಿಗಲಿಲ್ಲ. ಕೂಲಿಗೆ ಹೋಗುವವರ ಮಕ್ಕಳು ಮಧ್ಯಾಹ್ನದ ಗುಂಪಿಗೆ ಬಾರದಿರಲು ಅದೇ ಕಾರಣವಾಗಿತ್ತು.