ಕೂನೂರಿನ ಉಗಿಬಂಡಿ ಕಾಣುವ ಹಾಗೆ ನಡೆಯಲು ದಾರಿ ಯಾವುದು? ಹೋಗಿ ಬಂದವರು ತಿಳಿಸಿ

ಮೈಸೂರಿನ ಗೃಹಿಣಿ: ನೀಲಗಿರಿ ಬೆಟ್ಟದ ರೈಲಿಗೆ ಡಿಸೆಂಬರ್ ಎರಡನೇ ವಾರ ಟಿಕೆಟ್ ಸಿಗಲಿಲ್ಲ. ಹತ್ತದಿದ್ದರೂ ಸರಿ, ಒಂದು ದಿನ ಕೂನೂರಿನ ಆಸುಪಾಸಿನಲ್ಲಿ ನಡೆದು ಉಗಿ ಎಂಜಿನ್ ನೋಡುವ ಆಸೆ. ಜೊತೆಗೆ ಒಂಬತ್ತು ವರ್ಷದ ಮಗಳು, ಮಂಡಿನೋವಿರುವ ಮಾವನವರು (68).

ಹಾಸನದ ನಿವೃತ್ತ ಮೇಷ್ಟ್ರು: ಡಿಸೆಂಬರ್ ಎಂದು ಓದಿದೊಡನೆ ನನ್ನ ಹೊಟ್ಟೆ ಉರಿಯಿತು ತಾಯಿ. ನಾವು ಐವರು ಎರಡು ತಿಂಗಳು ಮೊದಲೇ ಟಿಕೆಟ್ ಮಾಡಿಸಿ, ಬೆಳಿಗ್ಗೆ 7.10ರ ರೈಲಿಗೆಂದು ಹಿಂದಿನ ದಿನವೇ ರೈಲು ಹೊರಡುವ ಮೆಟ್ಟುಪಾಳಯಂಗೆ ಹೋಗಿ ಕೂತಿದ್ದೆವು. ಹಿಂಗಾರು ಮಳೆ ರಾತ್ರಿಯಿಡೀ ಹೊಡೆಯಿತು. ಬೆಟ್ಟದ ಬುಡದ ಕಲ್ಲಾರ್‌ನಿಂದ ಮೇಲೆ ಹಳಿಯ ಮೇಲೆ ಗುಡ್ಡ ಜಾರಿ ರೈಲು ರದ್ದಾಯಿತು. ಟಿಕೆಟ್ಟಿನ ಹಣ ವಾಪಸು ಬಂತು, ಅದರಲ್ಲಿ ತಕರಾರಿಲ್ಲ. ಆದರೆ ಕೂನೂರಿನ ವಸತಿಗೃಹಕ್ಕೆ ಮುಂಗಡ ಕಟ್ಟಿದ್ದ ಎರಡು ಕೋಣೆಯ ಬಾಡಿಗೆ 4,800. ನಾವು ತಲುಪುವ ಹೊತ್ತಿಗೆ ಕೋಣೆಗಳನ್ನು ಬೇರೆಯವರಿಗೆ ಕೊಟ್ಟಿದ್ದರು. ಹಣ ಕೇಳಿದರೆ ‘ನಾಳೆ ಹಾಕುತ್ತೇವೆ’ ಎಂದರು. ಬಾಡಿಗೆ ಕಾರಿಗೆ 4,200. ರೇನ್‌ಕೋಟು ತಲಾ 350ರಂತೆ 1,750. ಒಟ್ಟು 10,750 ರೂಪಾಯಿ, ಮಂಜಿನಲ್ಲಿ ಹತ್ತಡಿ ಆಚೆ ಏನೂ ಕಾಣದೆ ನಡೆದದ್ದಕ್ಕೆ.

ಚಾಮರಾಜನಗರದವನು: ಮೇಷ್ಟ್ರು ಸುಮ್ಮನೆ ಹೆದರಿಸುತ್ತಿದ್ದಾರೆ. ನಾವು ಜನವರಿಯಲ್ಲಿ ಕೂನೂರು–ಊಟಿ ನಡುವಿನ ಕೇತಿ ನಿಲ್ದಾಣದಿಂದ ಲವ್‌ಡೇಲ್‌ವರೆಗೆ ಊರ ರಸ್ತೆ ಹಿಡಿದು ನಡೆದೆವು. ಕ್ಯಾರೆಟ್, ಬೀಟ್‌ರೂಟ್, ಎಲೆಕೋಸಿನ ಮೆಟ್ಟಿಲು ಗದ್ದೆಗಳು, ಅವುಗಳ ನಡುವೆ ನೀಲಗಿರಿಯ ಬಡಗ ಸಮುದಾಯದವರ ಹಟ್ಟಿಗಳು. ಒಬ್ಬ ಅಜ್ಜಿ ಕಾಲುವೆಯಲ್ಲಿ ಕ್ಯಾರೆಟ್ ತೊಳೆಯುತ್ತಿದ್ದರು. ಕೇಳುವ ಮೊದಲೇ ನಾಲ್ಕು ಎತ್ತಿ ನನ್ನ ಕೈಗಿಟ್ಟರು, ಸೊಪ್ಪಿನಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಅವರ ಮಾತು ನಮ್ಮದೇ ಕನ್ನಡ, ಸ್ವಲ್ಪ ಒಡೆದದ್ದು ಅಷ್ಟೆ. ಮೇಲೆ ರೈಲು ಕೂಗುತ್ತಾ ಹೋಯಿತು. ಜನ್ಮ ಸಾರ್ಥಕ.

ರೈಲು ಹುಚ್ಚಿನ ಬೆಂಗಳೂರಿಗ: ಸ್ವಾಮಿ, ತಾವು ನೋಡಿದ್ದು ಡೀಸೆಲ್. ಉಗಿ ಎಂಜಿನ್ ದಿನನಿತ್ಯ ಎಳೆಯುವುದು ಮೆಟ್ಟುಪಾಳಯಂ–ಕೂನೂರು ನಡುವೆ, 1899ರಲ್ಲಿ ತೆರೆದ ಭಾಗದಲ್ಲಿ. ಊಟಿಯವರೆಗಿನ ಉಳಿದ ದಾರಿ 1908ರದು, ಅಲ್ಲಿ ಡೀಸೆಲ್. ‘ಎಳೆಯುವುದು’ ಎಂದದ್ದೂ ತಪ್ಪೇ. ಏರುವಾಗ ಎಂಜಿನ್ ಹಿಂದಿನಿಂದ ತಳ್ಳುತ್ತದೆ. 12 ಅಡಿಗೆ ಒಂದು ಅಡಿ ಏರು! ಹಳಿಗಳ ನಡುವೆ ಎರಡು ಹಲ್ಲಿನ ಪಟ್ಟಿಗಳಿವೆ, ಒಂದರ ಹಲ್ಲು ಇನ್ನೊಂದರ ಸಂದಿಗೆ ಎದುರಾಗಿ. ಎಂಜಿನ್ನಿನ ಹಲ್ಲುಚಕ್ರ ಒಂದು ಪಟ್ಟಿಯನ್ನು ಬಿಡುವ ಮೊದಲೇ ಇನ್ನೊಂದನ್ನು ಕಚ್ಚಿರುತ್ತದೆ. ಇದನ್ನು ನೋಡದೆ ಕ್ಯಾರೆಟ್ ತಿಂದು ಬಂದು ಸಾರ್ಥಕ ಎನ್ನುತ್ತೀರಾ?

ಚಾಮರಾಜನಗರದವನು: ಎಣ್ಣೆ ಉರಿಸುವ ಎಂಜಿನ್ನನ್ನು ಉಗಿ ಎಂಜಿನ್ ಎಂದು ಪೂಜಿಸುವವರು ನನಗೆ ಪಾಠ ಹೇಳಬೇಕಿಲ್ಲ.

ರೈಲು ಹುಚ್ಚಿನ ಬೆಂಗಳೂರಿಗ: ಎಣ್ಣೆಯೋ ಕಲ್ಲಿದ್ದಲೋ, ನೀರು ಕಾಯಿಸಿದರೆ ಹುಟ್ಟುವುದು ಉಗಿಯೇ. ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ಕಾರ್ಯಾಗಾರದವರು ಈ ಎಕ್ಸ್ ದರ್ಜೆಯ ಎಂಜಿನ್ನುಗಳನ್ನು ಹೊಸದಾಗಿ ಕಟ್ಟಿದ್ದಾರೆ. ಅವರ ಶ್ರಮಕ್ಕಾದರೂ ಮರ್ಯಾದೆ ಕೊಡಿ.

ಶಿವಮೊಗ್ಗದ ಹಳೆಯ ಚಾರಣಿಗ: ನೀವಿಬ್ಬರೂ ನಿಜವಾದ ನಡಿಗೆಯನ್ನು ಕಂಡಿಲ್ಲ. 1996ರಲ್ಲಿ ನಾವು ನಾಲ್ವರು ಕಲ್ಲಾರ್–ಕೂನೂರು ನಡುವಿನ ಹಿಲ್‌ಗ್ರೋವ್‌ನಿಂದ ರನ್ನಿಮೇಡ್‌ಗೆ ಹಳಿಯ ಮೇಲೇ ನಡೆದೆವು. ಸುರಂಗದೊಳಗೆ ಟಾರ್ಚ್ ಕೈಕೊಟ್ಟು ಗೋಡೆ ಸವರಿಕೊಂಡು ಹೋದೆವು. ಸೇತುವೆಯ ಮರದ ದಿಮ್ಮಿಗಳ ಸಂದಿಯಲ್ಲಿ ಕೆಳಗಿನ ಹಳ್ಳ ಕಾಣುತ್ತಿತ್ತು. ಗೆಳೆಯನ ಕಾಲು ಸಿಕ್ಕಿಕೊಂಡು ಪಾದ ಉಳುಕಿತು. ಪ್ಲಾಸ್ಟರ್, ಇಪ್ಪತ್ತೊಂದು ದಿನ ರಜೆ, ಆಗಿನ ಕಾಲದ 1,300 ರೂಪಾಯಿ ಖರ್ಚು. ಆದರೂ ಇಂದಿಗೂ ಅವನು ಹೇಳುವುದು ಆ ದಿನದ ಕಥೆಯನ್ನೇ.

ದಾವಣಗೆರೆಯ ವಕೀಲೆ: ಮಗು, ಮುದುಕರು ಇರುವವರಿಗೆ ಇದೆಂಥ ಸಲಹೆ? ಹಳಿಯ ಮೇಲೆ ನಡೆಯುವುದು 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಂತೆ ಅಪರಾಧ. ಆರು ತಿಂಗಳವರೆಗೆ ಸೆರೆ ಅಥವಾ ಸಾವಿರ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಕಲ್ಲಾರ್ ಸುತ್ತ ಆನೆಗಳು ಹಳಿ ದಾಟುತ್ತವೆ. ನಿಮ್ಮ ಗೆಳೆಯ ಉಳುಕಿದ ಪಾದದಲ್ಲಿ ಆನೆಯ ಮುಂದೆ ಓಡುತ್ತಿದ್ದರೇ?

ಶಿವಮೊಗ್ಗದ ಹಳೆಯ ಚಾರಣಿಗ: ಸಲಹೆಯಲ್ಲ ಮೇಡಂ, ಅನುಭವ ಕೇಳಿದರು, ಹೇಳಿದೆ. ಕಲಮು ಓದಿಕೊಂಡು ಯಾರೂ ಬೆಟ್ಟ ಹತ್ತಿಲ್ಲ.

ಕೇತಿ ಕಣಿವೆಯ ಮಗಳು: ಒಂದು ಮಾತಿಗೆ ಉತ್ತರ ಕೊಡದೆ ಇರಲಾರೆ. ನಾನು ಬಡಗರ ಮನೆಯವಳು, ಮೈಸೂರಿಗೆ ಸೊಸೆಯಾಗಿ ಬಂದು ಕನ್ನಡ ಓದಲು ಕಲಿತೆ. ನಮ್ಮ ಹಿರಿಯರು ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರು ಎಂದು ನಮ್ಮಲ್ಲೂ ಹೇಳುತ್ತಾರೆ. ಬಡಗ ಎಂದರೆ ಬಡಗಣ ದಿಕ್ಕಿನವರು. ಆದರೆ ನಮ್ಮ ಮಾತು ಒಡೆದ ಕನ್ನಡವಲ್ಲ. ಅದು ಎಲ್ಲಿಯೂ ಒಡೆದಿಲ್ಲ. ನಮ್ಮ ದೇವಿ ಹೆತ್ತೆಯ ಹಬ್ಬದ ಹಾಡನ್ನು ಒಮ್ಮೆ ಕೂತು ಕೇಳಿ, ಆಮೇಲೆ ಮಾತನಾಡಿ.

ಚಾಮರಾಜನಗರದವನು: ತಪ್ಪಾಯಿತು ಅಕ್ಕ. ಪ್ರೀತಿಯಿಂದ ಹೇಳಿದ್ದು, ಮಾತು ಜಾರಿತು. ಆದರೂ ಅಜ್ಜಿ ಹೇಳಿದ್ದೆಲ್ಲ ನನಗೆ ಅರ್ಥವಾಯಿತು ಎಂಬುದೂ ಸುಳ್ಳಲ್ಲ.

ಮೈಸೂರಿನ ಗೃಹಿಣಿ: ಎಲ್ಲರಿಗೂ ವಂದನೆ. ಮಾವನವರ ಮಂಡಿಗೆ ಹೊಂದುವ ದಾರಿ ಯಾವುದು ಎಂದು ಯಾರಾದರೂ ಹೇಳುವಿರಾ?

ಕೇತಿ ಕಣಿವೆಯ ಮಗಳು: ಅವರನ್ನು ನಡೆಸಬೇಡಿ. ಹತ್ತು ಗಂಟೆಗೆ ಕೂನೂರು ನಿಲ್ದಾಣದ ಬೆಂಚಿನಲ್ಲಿ ಕೂರಿಸಿ. ಹತ್ತೂವರೆಯ ಸುಮಾರಿಗೆ ರೈಲು ಬರುತ್ತದೆ, ಉಗಿ ಎಂಜಿನ್ ಕಳಚಿಕೊಂಡು ಷೆಡ್ಡಿನತ್ತ ಹೋಗುತ್ತದೆ. ಡಬ್ಬಿಗಳ ಮುಂದೆ ಬಾವುಟ ಹಿಡಿದು ನಿಂತು ಬಂದ ಬ್ರೇಕಿನವರನ್ನು ಮಗಳಿಗೆ ತೋರಿಸಿ. ಆಮೇಲೆ ನೀವಿಬ್ಬರೂ ಚಹಾ ತೋಟದ ರಸ್ತೆಯಲ್ಲಿ ಗಂಟೆ ಹೊತ್ತು ನಡೆದು ಬನ್ನಿ. ನೀಲಗಿರಿಗೆ ವಾಹನದಲ್ಲಿ ಬರಲು ಬೇಕಾದ ಇ-ಪಾಸ್ ಮರೆಯಬೇಡಿ.

ಹಾಸನದ ನಿವೃತ್ತ ಮೇಷ್ಟ್ರು: ಅದೇ ಬೆಂಚಿನಲ್ಲಿ ನಾನು ಮೂರು ಗಂಟೆ ಕೂತಿದ್ದೆ. ಮೈಸೂರು ಬಿಡುವ ಮೊದಲು ರೈಲು ಓಡುತ್ತಿದೆಯೇ ಎಂದು ಕೇಳಿಕೊಳ್ಳಿ ತಾಯಿ. ಆ 4,800 ಇನ್ನೂ ಬಂದಿಲ್ಲ.